ಮದುವೆಯಿಲ್ಲದ ಅಪ್ಪ-ಅಮ್ಮ, ಬೇರೆ ರಾಜ್ಯದಲ್ಲಿ ಕೆಲಸ: ಮಗುವನ್ನು ನೋಡುವ ಹಕ್ಕು ಏನಾಗುತ್ತದೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅವನು ಧಾರವಾಡದ ಕಡೆಯವನು, ಅವಳು ಕುಂದಾಪುರದವಳು. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಜೆ.ಪಿ. ನಗರದಲ್ಲಿ ಬಾಡಿಗೆ ಮನೆ ಮಾಡಿ ಕೆಲವು ವರ್ಷ ಒಟ್ಟಿಗಿದ್ದರು. ಮದುವೆ ಆಗಲಿಲ್ಲ, ಮಗಳು ಹುಟ್ಟಿದಳು. ಆಮೇಲೆ ಹೊಂದಿಕೆಯಾಗದೆ ಬೇರೆಯಾದರು. ಮಗಳಿಗೆ ಈಗ ಆರು ವರ್ಷ, ಅಮ್ಮನ ಜೊತೆ ಇದ್ದಾಳೆ. ಪ್ರತಿ ಭಾನುವಾರ ಅಪ್ಪ ಬಂದು ಕರೆದುಕೊಂಡು ಹೋಗುತ್ತಾನೆ, ಸಂಜೆ ತಂದು ಬಿಡುತ್ತಾನೆ. ಕೋರ್ಟು, ಕಾಗದ ಏನೂ ಇಲ್ಲ. ಬಾಯಿಮಾತಿನ ಮೇಲೆ ಎಲ್ಲ ಚೆನ್ನಾಗೇ ನಡೆದಿದೆ. ಈಗ ಅಮ್ಮನಿಗೆ ಪುಣೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಜೂನ್ ಹೊತ್ತಿಗೆ ಮಗಳ ಸಮೇತ ಹೊರಡಬೇಕು.

ಅಪ್ಪ ತಡೆಯಬಹುದಾ? ಅಮ್ಮ ಅವನ ಒಪ್ಪಿಗೆ ಕೇಳಲೇಬೇಕಾ? ಹೋದ ಮೇಲೆ ಭಾನುವಾರದ ಭೇಟಿ ಏನಾಗುತ್ತದೆ? ಮದುವೆಯಾಗಿ ಡೈವೋರ್ಸ್ ಆದವರಿಗೆ ಈ ಪ್ರಶ್ನೆಗಳಿಗೆ ಒಂದು ಮಟ್ಟದ ಉತ್ತರ ಸಿಗುತ್ತದೆ. ಡೈವೋರ್ಸ್ ಕೇಸಿನಲ್ಲೇ ಮಗುವಿನ ವಿಷಯವೂ ಸಾಮಾನ್ಯವಾಗಿ ಇತ್ಯರ್ಥವಾಗಿರುತ್ತದೆ, ಕೈಯಲ್ಲಿ ಒಂದು ಆದೇಶ ಇರುತ್ತದೆ. ಮದುವೆಯೇ ಆಗದವರ ಕೈಯಲ್ಲಿ ಹೆಚ್ಚಿನ ಸಲ ಏನೂ ಇರುವುದಿಲ್ಲ. ಬೆಂಗಳೂರು ಕೆಲಸ ಹುಡುಕಿಕೊಂಡು ಬರುವವರ ಊರು, ಕೆಲಸ ಹುಡುಕಿಕೊಂಡೇ ಬಿಟ್ಟು ಹೋಗುವವರ ಊರು ಕೂಡ. ಹಾಗಾಗಿ ಈ ಸಮಸ್ಯೆ ಇಲ್ಲಿ ಬೇರೆ ಕಡೆಗಿಂತ ಬೇಗ ಮನೆ ಬಾಗಿಲಿಗೆ ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾನೂನು ಈ ವಿಷಯದಲ್ಲಿ, ಯಾರು ಹೇಳದೆ ಕೇಳದೆ ಮೊದಲು ಹೊರಡುತ್ತಾರೋ ಅವರ ಕೈಯನ್ನು ಬಲಪಡಿಸುತ್ತದೆ. ಅದು ಬದಲಾಗಬೇಕು. ಬದಲಾಗುವ ತನಕ, ಲಾರಿಗೆ ಸಾಮಾನು ತುಂಬುವ ಮುಂಚೆ ಭೇಟಿಯ ವಿಷಯ ಕಾಗದಕ್ಕೆ ಇಳಿಯಬೇಕು.

ಕಾನೂನಿನಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ

1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ನೋಡಿ. ಮದುವೆಯಾದವರ ಮಗುವಿಗೆ ಮೊದಲ ಸಹಜ ಪಾಲಕ, ಅಂದರೆ ಕೋರ್ಟು ನೇಮಿಸದೆಯೇ ಕಾನೂನು ಒಪ್ಪುವ ಪಾಲಕ, ಅಪ್ಪ. ಆಮೇಲೆ ಅಮ್ಮ. ಮದುವೆಯಾಚೆ ಹುಟ್ಟಿದ ಮಗುವಿಗೆ ಇದು ತಿರುಗುಮುರುಗು. ಮೊದಲು ಅಮ್ಮ, ಆಮೇಲೆ ಅಪ್ಪ. ಈ ಕಾಯ್ದೆ ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದಿಲ್ಲ. ಆದರೆ ಅದಕ್ಕಿಂತ ಹಳೆಯದಾದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಯಾವ ಧರ್ಮದವರೂ ಕೋರ್ಟಿಗೆ ಹೋಗಬಹುದು. ನಮ್ಮ ಫ್ಯಾಮಿಲಿ ಕೋರ್ಟಿನಲ್ಲಿ 'ಜಿ ಅಂಡ್ ಡಬ್ಲ್ಯೂಸಿ' ಅನ್ನುವ ನಂಬರಿನಡಿ ದಾಖಲಾಗುವ ಕೇಸುಗಳು ಇವೇ.

2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಮದುವೆಯಾಗದ ಕ್ರೈಸ್ತ ತಾಯಿಯೊಬ್ಬರ ಪ್ರಕರಣ ಅದು. ಮಗುವಿನ ಪಾಲಕಿಯಾಗಲು ಅವರು ಅರ್ಜಿ ಹಾಕಿದ್ದರು. ಅಪ್ಪನ ಹೆಸರು ಹೇಳಿ, ಅವನಿಗೆ ನೋಟಿಸ್ ಕೊಡಿಸಿ ಎಂದು ಕೆಳಗಿನ ಕೋರ್ಟುಗಳು ಪಟ್ಟು ಹಿಡಿದಿದ್ದವು. ಅದು ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಒಂಟಿ ತಾಯಿ ಅಫಿಡವಿಟ್ ಕೊಟ್ಟರೆ ಸಾಕು, ಮಗುವಿನ ಜನನ ಪ್ರಮಾಣಪತ್ರ ಕೊಡಬೇಕು ಎಂದೂ ಹೇಳಿತು. ಆ ತೀರ್ಪು ಸರಿಯಾಗಿಯೇ ಇದೆ. ಆದರೆ ಅದು ಮಗುವಿನ ಬದುಕಿನಲ್ಲಿ ಇಲ್ಲವೇ ಇಲ್ಲದ ಅಪ್ಪನ ಕುರಿತು ಬಂದದ್ದು. ವಾರ ತಪ್ಪದೆ ಬಂದು, ಶಾಲೆಯ ಫೀಸು ಕಟ್ಟಿ, ಜ್ವರ ಬಂದರೆ ಆಸ್ಪತ್ರೆಗೆ ಓಡುವ ಅಪ್ಪನ ಹಕ್ಕನ್ನು ಆ ತೀರ್ಪು ಅಳಿಸಿಹಾಕುವುದಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಸುಮ್ನೆ ಕೈಚೆಲ್ಲಿ ಕೂರಬೇಕಾಗಿಲ್ಲ.

ಯಾಕೆಂದರೆ, 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 7ನೇ ಸೆಕ್ಷನ್ ಮಗುವಿನ ಪಾಲಕತ್ವ, ಕಸ್ಟಡಿ (ಮಗು ಯಾರ ಬಳಿ ಇರಬೇಕು ಎಂಬುದು), ಭೇಟಿ ಈ ಮೂರನ್ನೂ ಹೆಸರಿಸುತ್ತದೆ. ಅದಕ್ಕೆ ಅಪ್ಪ-ಅಮ್ಮನಿಗೆ ಮದುವೆ ಆಗಿರಲೇಬೇಕು ಎಂಬ ಷರತ್ತು ಅಲ್ಲಿಲ್ಲ. ಬೆಂಗಳೂರಿನ ಫ್ಯಾಮಿಲಿ ಕೋರ್ಟು ಇರುವ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಮದುವೆಯಾಗದ ಅಪ್ಪನೂ ಅರ್ಜಿ ಹಿಡಿದು ಹೋಗಬಹುದು. ಅವನ ಎದುರು ನಿಲ್ಲುವ ಮೊದಲ ತೊಡಕು ಬೇರೆ: ಈ ಮಗುವಿಗೆ ತಾನೇ ಅಪ್ಪ ಎಂದು ತೋರಿಸಬೇಕು. ಮದುವೆಯಾದವರಿಗೆ ಕಾನೂನೇ ಅದನ್ನು ಊಹಿಸಿಕೊಳ್ಳುತ್ತದೆ. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್‌ನಲ್ಲಿದೆ. ಮದುವೆಯಾಗದವರಿಗೆ ಆ ಅನುಕೂಲ ಇಲ್ಲ. ಅಮ್ಮ ಒಪ್ಪಿಕೊಂಡರೆ ಸಲೀಸು. ಇಲ್ಲದಿದ್ದರೆ ಜನನ ಪ್ರಮಾಣಪತ್ರದಲ್ಲಿ ಹೆಸರು ಇದೆಯಾ, ತಾಯಿ ಕಾರ್ಡಿನಲ್ಲಿ, ಆಸ್ಪತ್ರೆಯ ದಾಖಲೆಯಲ್ಲಿ, ಶಾಲೆಯ ಅರ್ಜಿಯಲ್ಲಿ ಯಾರು ಅಪ್ಪ ಎಂದು ಸಹಿ ಹಾಕಿದ್ದಾರೆ ಎಂದು ಹುಡುಕಬೇಕಾಗುತ್ತದೆ. ಡಿಎನ್‌ಎ ಪರೀಕ್ಷೆ ಇದೆಯಲ್ಲ ಎನ್ನಬಹುದು. ಕೇಳಿದ ಕೂಡಲೇ ಕೋರ್ಟುಗಳು ಅದಕ್ಕೆ ಆದೇಶ ಕೊಡುವುದಿಲ್ಲ. ಮಗುವಿನ ಖಾಸಗಿತನದ ಪ್ರಶ್ನೆ ಅಲ್ಲಿ ಬರುತ್ತದೆ.

ಅಂದರೆ ಮಗು ಹುಟ್ಟಿದ ದಿನ ತುಂಬಿದ ಒಂದು ಫಾರಂ, ಆರು ವರ್ಷದ ನಂತರ ಪುಣೆ ರೈಲು ಹತ್ತುವಾಗ ಕೆಲಸಕ್ಕೆ ಬರುತ್ತದೆ. ಸಂಬಂಧ ಚೆನ್ನಾಗಿದ್ದಾಗಲೇ ಇದನ್ನು ಸರಿ ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ಹೊರಟವರಿಗೆ ಸಿಗುವ ಅನುಕೂಲ

ಇಡೀ ವಿಷಯದ ತಿರುಳು ಇರುವುದು ಇಲ್ಲಿ. 1890ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಆ ಜಿಲ್ಲೆಯ ಕೋರ್ಟಿಗೆ ಅಧಿಕಾರ. ಅಪ್ಪ ಎಲ್ಲಿದ್ದಾನೆ, ಮಗು ಎಲ್ಲಿ ಹುಟ್ಟಿತು ಎಂಬುದು ಲೆಕ್ಕಕ್ಕಿಲ್ಲ. ಮಗು ಬೆಂಗಳೂರಿನಲ್ಲಿ ಇರುವ ತನಕ ಕೇಸು ಬೆಂಗಳೂರಿನಲ್ಲಿ. ಪುಣೆಗೆ ಹೋಗಿ, ಅಲ್ಲಿ ಶಾಲೆಗೆ ಸೇರಿ, ಒಂದು ವರ್ಷ ಕಳೆದರೆ? ಆಗ ಅಪ್ಪ ಪುಣೆಯ ಕೋರ್ಟಿಗೆ ಹೋಗಬೇಕಾಗಬಹುದು. ಅಲ್ಲೊಬ್ಬ ವಕೀಲರನ್ನು ಹಿಡಿಯಬೇಕು, ಪ್ರತಿ ತಾರೀಖಿಗೆ ಓಡಾಡಬೇಕು.

ಮಗುವಿನ ವಾಸ ಎಲ್ಲಿ ಎನ್ನುವುದನ್ನು ಕೋರ್ಟು ಸಾಕ್ಷ್ಯ ನೋಡಿ ತೀರ್ಮಾನಿಸುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ನಿನ್ನೆ ಕರೆದುಕೊಂಡು ಹೋಗಿ ಇವತ್ತು ವಾಸ ಬದಲಾಯಿತು ಎಂದರೆ ಯಾವ ಜಡ್ಜೂ ಸುಲಭವಾಗಿ ಒಪ್ಪುವುದಿಲ್ಲ. ಆದರೆ ಅದನ್ನು ವಾದಿಸಿ ಗೆಲ್ಲುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಅಷ್ಟರಲ್ಲಿ ಮಗು ನಿಜಕ್ಕೂ ಅಲ್ಲಿಗೇ ಒಗ್ಗಿಕೊಂಡಿರುತ್ತದೆ. ಹೊಸ ಗೆಳೆಯರು, ಹೊಸ ಟೀಚರ್. ಆಗ ಕೋರ್ಟು ಮಗುವನ್ನು ಮತ್ತೆ ಕದಲಿಸುವುದು ಬೇಡ ಎಂದರೆ ಅದನ್ನು ತಪ್ಪು ಎನ್ನಲಾಗದು. ತಡವಾಗಿ ಹೋದ ಅಪ್ಪ ಇಲ್ಲಿ ಸೋಲುತ್ತಾನೆ.

ಹೊರಡುವ ಮುಂಚೆ ಅನುಮತಿ ಬೇಡವಾ? ಅದೇ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಕೋರ್ಟು ನೇಮಿಸಿದ ಪಾಲಕರು ಕೋರ್ಟಿನ ಅಪ್ಪಣೆ ಇಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಆಚೆ ಕರೆದೊಯ್ಯುವಂತಿಲ್ಲ. ನಮ್ಮ ಉದಾಹರಣೆಯ ಅಮ್ಮನನ್ನು ಯಾವ ಕೋರ್ಟೂ ನೇಮಿಸಿಲ್ಲ. ಮಗು ಹುಟ್ಟಿದಾಗಿನಿಂದಲೇ ಅವಳು ಸಹಜ ಪಾಲಕಿ. ಹಾಗಾಗಿ ಆ ಸೆಕ್ಷನ್ ಅವಳನ್ನು ಕಟ್ಟಿಹಾಕುವುದಿಲ್ಲ. ಮೊದಲೇ ನೋಟಿಸ್ ಕೊಡಬೇಕು, ಇಷ್ಟು ದಿನ ಮುಂಚೆ ತಿಳಿಸಬೇಕು ಎಂಬ ನಿಯಮವೂ ನಮ್ಮಲ್ಲಿಲ್ಲ. ಕೋರ್ಟಿನ ಆದೇಶ ಇಲ್ಲದ ಮನೆಯಲ್ಲಿ ಅಮ್ಮ ಮಗಳನ್ನು ಕರೆದುಕೊಂಡು ಪುಣೆಗೆ ಹೋದರೆ ಅದು ಕಾನೂನು ಮುರಿದಂತಲ್ಲ.

ಇದರ ಉಲ್ಟಾ ಕೂಡ ಇದೆ. ಭಾನುವಾರ ಕರೆದುಕೊಂಡು ಹೋದ ಅಪ್ಪ ಸಂಜೆ ಮಗುವನ್ನು ವಾಪಸ್ ಬಿಡಲೇ ಇಲ್ಲ ಅಂದುಕೊಳ್ಳಿ. ಅಮ್ಮ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಿಡ್ನಾಪ್ ಎಂದು ದೂರು ಕೊಡುತ್ತಾಳೆ. ಭಾರತೀಯ ನ್ಯಾಯ ಸಂಹಿತೆಯ 137ನೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ. ಹಳೆಯ ಐಪಿಸಿಯಲ್ಲಿದ್ದದ್ದೇ ಹೊಸದಕ್ಕೂ ಬಂದಿದೆ. ಮದುವೆಯಾಚೆ ಹುಟ್ಟಿದ ಮಗುವಿನ ತಂದೆ ತಾನೇ ಎಂದು ಪ್ರಾಮಾಣಿಕವಾಗಿ ನಂಬಿ ಕರೆದೊಯ್ದವನಿಗೆ, ಕೆಟ್ಟ ಅಥವಾ ಕಾನೂನುಬಾಹಿರ ಉದ್ದೇಶ ಇಲ್ಲದಿದ್ದರೆ, ಆ ಅಪರಾಧ ಹತ್ತುವುದಿಲ್ಲ. ಹಾಗಾಗಿ 'ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ' ಎಂಬ ಉತ್ತರ ಸ್ಟೇಷನ್ನಿನಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಕಾಗದ ಇಲ್ಲದಿದ್ದರೆ ಇಬ್ಬರಿಗೂ ರಕ್ಷಣೆ ಇಲ್ಲ, ಅಲ್ವಾ?

ಅಮೆರಿಕದಲ್ಲಿ ಬಹುತೇಕ ಎಲ್ಲ ರಾಜ್ಯಗಳು ಒಪ್ಪಿಕೊಂಡ ಒಂದು ಸಮಾನ ಕಾನೂನಿದೆ. ಮಗು ಕಡೆಯ ಆರು ತಿಂಗಳು ಎಲ್ಲಿತ್ತೋ ಅದೇ ಅದರ ತವರು ರಾಜ್ಯ. ಒಬ್ಬರು ಮಗುವನ್ನು ಕರೆದುಕೊಂಡು ಹೋದರೂ, ಇನ್ನೊಬ್ಬರು ಅಲ್ಲೇ ಉಳಿದಿದ್ದರೆ, ಮತ್ತೆ ಆರು ತಿಂಗಳು ಆ ರಾಜ್ಯದಲ್ಲಿ ಕೇಸು ಹಾಕಬಹುದು. ಹೇಳದೆ ಹೊರಟರೆ ಅಲ್ಲಿ ಲಾಭ ಕಡಿಮೆ. ಫ್ಲಾರಿಡಾದಲ್ಲಂತೂ, ಕೋರ್ಟಿನ ಆದೇಶ ಇರುವವರು 50 ಮೈಲಿಗಿಂತ ದೂರಕ್ಕೆ ಮನೆ ಬದಲಿಸಬೇಕಾದರೆ ಇನ್ನೊಬ್ಬರ ಲಿಖಿತ ಒಪ್ಪಿಗೆ ಬೇಕು, ಇಲ್ಲವೇ ಕೋರ್ಟಿನ ಅನುಮತಿ. ಅಲ್ಲಿನದನ್ನೆಲ್ಲ ಹಾಗೇ ತಂದು ಇಲ್ಲಿ ಕೂರಿಸಿ ಎನ್ನುತ್ತಿಲ್ಲ. ಆದರೆ ಈ ಆರು ತಿಂಗಳ ನಿಯಮ ನಮಗೂ ಬೇಕು.

ರಾಜ್ಯದ ಗಡಿಯನ್ನೇ ಅಳತೆ ಮಾಡಿಕೊಳ್ಳುವುದರಲ್ಲೂ ಅರ್ಥವಿಲ್ಲ. ಅತ್ತಿಬೆಲೆ ದಾಟಿದರೆ ಹೊಸೂರು, ಅದು ತಮಿಳುನಾಡು. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ಅಲ್ಲಿಗೆ ಮನೆ ಬದಲಿಸಿದರೆ ಭಾನುವಾರದ ಭೇಟಿಗೆ ತೊಂದರೆಯೇ ಇಲ್ಲ. ಬೀದರ್ ನಮ್ಮದೇ ರಾಜ್ಯ, ಆದರೆ ಹೋಗಲು ಒಂದು ರಾತ್ರಿ ಪೂರ್ತಿ ಬೇಕು. ರಾಜ್ಯ ಬದಲಾದಾಗ ಹೊಸದಾಗಿ ಬರುವ ತೊಡಕೆಂದರೆ ಕೇಸಿನ ವರ್ಗಾವಣೆ. ಅಪ್ಪ ಬೆಂಗಳೂರಿನಲ್ಲಿ, ಅಮ್ಮ ಪುಣೆಯಲ್ಲಿ ಬೇರೆ ಬೇರೆ ಕೇಸು ಹಾಕಿದರೆ, ಎರಡನ್ನೂ ಒಂದು ಕಡೆ ಸೇರಿಸಲು ಸುಪ್ರೀಂ ಕೋರ್ಟಿಗೇ ಹೋಗಬೇಕು. ಮೈಸೂರು-ಬೆಂಗಳೂರು ಆದರೆ ನಮ್ಮ ಹೈಕೋರ್ಟಿನಲ್ಲೇ ಮುಗಿಯುತ್ತದೆ.

ಭಾನುವಾರದ ಭೇಟಿ 840 ಕಿಲೋಮೀಟರ್ ಆಚೆ

ಒಂದು ವೇಳೆ ಕೋರ್ಟಿನ ಆದೇಶ ಇದೆ ಎಂದೇ ಇಟ್ಟುಕೊಳ್ಳೋಣ. ನಮ್ಮ ಆದೇಶಗಳ ಭಾಷೆ ಒಂದೇ ಊರಿನ ಜನರಿಗೆ ಹೊಲಿದಂತಿರುತ್ತದೆ. ಪ್ರತಿ ಭಾನುವಾರ ಬೆಳಗ್ಗೆ 10ರಿಂದ ಸಂಜೆ 5ರವರೆಗೆ. ದಸರಾ ರಜೆಯ ಅರ್ಧ, ಬೇಸಿಗೆ ರಜೆಯ ಅರ್ಧ. ಹುಟ್ಟುಹಬ್ಬದ ದಿನ ಎರಡು ಗಂಟೆ.

ಇದನ್ನೇ ಪುಣೆಗೆ ಹಾಕಿ ನೋಡಿ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ಸುಮಾರು 20 ಗಂಟೆ. ಶುಕ್ರವಾರ ರಾತ್ರಿ ಹತ್ತಿದರೆ ಶನಿವಾರ ಸಂಜೆಯ ಹೊತ್ತಿಗೆ ಪುಣೆ. ಭಾನುವಾರ ಮಗಳ ಜೊತೆ ಕಳೆದು ವಾಪಸ್ ಹತ್ತಿದರೆ ಸೋಮವಾರದ ಕೆಲಸ ಹೋಯಿತು. ವಿಮಾನ ಬೇಗ, ಆದರೆ ತಿಂಗಳಿಗೆ ನಾಲ್ಕು ಸಲ ಯಾರ ಸಂಬಳಕ್ಕೆ ಸಾಧ್ಯ? ಕಾಗದದ ಮೇಲೆ ವರ್ಷಕ್ಕೆ 52 ಭಾನುವಾರ ಬರೆದಿರುತ್ತಾರೆ. ಆರು ತಿಂಗಳಲ್ಲಿ ಅದು ಎರಡು ತಿಂಗಳಿಗೊಮ್ಮೆ ಆಗುತ್ತದೆ. ಆಮೇಲೆ 'ಅವನಿಗೇ ಮಗು ಬೇಡವಾಗಿದೆ' ಎಂಬ ಮಾತು ಕೋರ್ಟಿನಲ್ಲಿ ಬರುತ್ತದೆ.

ರಜೆಯ ವಿಷಯ ಇನ್ನೂ ಗೋಜಲು. ಆದೇಶ ಬರೆಯುವಾಗ ಎಲ್ಲರ ತಲೆಯಲ್ಲಿ ಇರುವುದು ಕರ್ನಾಟಕದ ಶಾಲಾ ಕ್ಯಾಲೆಂಡರ್. ಏಪ್ರಿಲ್-ಮೇ ಬೇಸಿಗೆ ರಜೆ, ಅಕ್ಟೋಬರ್ ಆಸುಪಾಸು ದಸರಾ ರಜೆ. ಮಹಾರಾಷ್ಟ್ರದಲ್ಲಿ ದೊಡ್ಡ ರಜೆ ದೀಪಾವಳಿಗೆ. ದೆಹಲಿ, ಗುರುಗ್ರಾಮದ ಕಡೆ ಬೇಸಿಗೆ ರಜೆ ಮೇ ಮಧ್ಯದ ನಂತರ ಶುರುವಾಗಿ ಜೂನ್ ಪೂರ್ತಿ ಇರುತ್ತದೆ. ಕೇರಳದಲ್ಲಿ ಓಣಂ ರಜೆ, ಕೋಲ್ಕತ್ತಾದಲ್ಲಿ ದುರ್ಗಾಪೂಜೆ ರಜೆ. 'ದಸರಾ ರಜೆಯ ಅರ್ಧ' ಎಂದು ಬರೆದ ಆದೇಶ ಹಿಡಿದು ಪುಣೆಗೆ ಹೋದರೆ, ಹಾಗೊಂದು ಉದ್ದದ ರಜೆಯೇ ಅಲ್ಲಿರುವುದಿಲ್ಲ. ಹಾಗಾಗಿ ಆದೇಶದಲ್ಲಿ ಹಬ್ಬದ ಹೆಸರಿನ ಬದಲು 'ಮಗು ಓದುವ ಶಾಲೆಯ ಯಾವುದೇ ಒಂದು ವಾರಕ್ಕಿಂತ ದೊಡ್ಡ ರಜೆ' ಎಂದು ಬರೆಸಿಕೊಳ್ಳುವುದು ಜಾಣತನ. ಶಾಲೆಯ ಕ್ಯಾಲೆಂಡರ್ ಬಂದ ವಾರದೊಳಗೆ ಇನ್ನೊಬ್ಬರಿಗೆ ಕಳಿಸಬೇಕು ಎಂಬ ಸಾಲೂ ಇರಲಿ.

ದೂರದ ಭೇಟಿಗೆ ಲೆಕ್ಕವೇ ಬೇರೆ. ವಾರವಾರದ ಏಳು ಗಂಟೆಗಿಂತ ವರ್ಷಕ್ಕೆ ಎರಡು ಮೂರು ಸಲ ಉದ್ದದ ವಾಸ ಮಗುವಿಗೆ ಜಾಸ್ತಿ ದಕ್ಕುತ್ತದೆ. ಅಪ್ಪನ ಮನೆಯಲ್ಲಿ ಹಲ್ಲುಜ್ಜಿ, ಸ್ನಾನ ಮಾಡಿ, ಮಧ್ಯಾಹ್ನ ಬೇಜಾರಾಗಿ ಜಗಳ ಆಡಿ, ಅಜ್ಜಿಯ ಪಕ್ಕ ಮಲಗಿದರೆ ಅದು ಮನೆ. ಮಾಲ್‌ನಲ್ಲಿ ಐಸ್‌ಕ್ರೀಂ ತಿಂದು ಬಂದರೆ ಅದು ಬರೀ ಭೇಟಿ. ಟೆಕ್ಸಾಸ್‌ನ ಕಾನೂನಿನಲ್ಲಿ, ಅಪ್ಪ-ಅಮ್ಮನ ಮನೆಗಳ ನಡುವೆ 100 ಮೈಲಿಗಿಂತ ಜಾಸ್ತಿ ದೂರ ಇದ್ದರೆ, ಮಗು ಜೊತೆಗಿಲ್ಲದವರಿಗೆ ಬೇಸಿಗೆಯಲ್ಲಿ 42 ದಿನ ಎಂಬ ಮಾದರಿ ಲೆಕ್ಕವೇ ಇದೆ. ಬೆಂಗಳೂರಿನ ಅಪ್ಪ-ಅಮ್ಮ ಇಷ್ಟೇ ಎಂದು ಹಿಡಿಯಬೇಕಿಲ್ಲ. ಆದರೆ ಬೇಸಿಗೆಯ ದೊಡ್ಡ ಪಾಲು, ನಡುವಿನ ಒಂದು ರಜೆ ಪೂರ್ತಿ, ಅಪ್ಪನೇ ಪುಣೆಗೆ ಹೋದಾಗ ಶನಿವಾರ ರಾತ್ರಿಯ ವಾಸ್ತವ್ಯ, ಇಷ್ಟಾದರೂ ಇರಬೇಕು.

ಪುಟ್ಟ ಮಕ್ಕಳ ವಿಷಯದಲ್ಲಿ ಇದು ನಡೆಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂತು. ಅಪ್ಪ-ಅಮ್ಮ ಮದುವೆಯಾದವರೇ. ಎರಡು ವರ್ಷದ ಮಗಳನ್ನು ಅಮ್ಮ ಪ್ರತಿ ಭಾನುವಾರ ಮದುರೈಯಿಂದ ಸುಮಾರು 150 ಕಿ.ಮೀ. ದೂರದ ಕರೂರಿಗೆ ಕರೆದೊಯ್ದು ಅಪ್ಪನಿಗೆ ತೋರಿಸಬೇಕಿತ್ತು. ಅಪ್ಪನ ಹಕ್ಕಿಗಾಗಿ ಮಗುವಿನ ಆರೋಗ್ಯ ಪಣಕ್ಕಿಡಲಾಗದು ಎಂದು ಕೋರ್ಟು ಭೇಟಿಯ ಜಾಗವನ್ನೇ ಮದುರೈಗೆ ಬದಲಿಸಿತು. ಓಡಾಟದ ಭಾರ ದೊಡ್ಡವರ ಮೇಲೆ ಬೀಳಬೇಕು, ಕೂಸಿನ ಮೇಲಲ್ಲ. ದೂರ ಹೋಗುವ ಎಲ್ಲರಿಗೂ ಇದು ಅನ್ವಯಿಸುವ ಮಾತು.

ನಡುವಿನ ದಿನಗಳಿಗೆ ಫೋನು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅಪ್ಪ-ಅಮ್ಮ ಬೇರೆ ರಾಜ್ಯ ಅಥವಾ ದೇಶದಲ್ಲಿದ್ದಾಗ ಭೇಟಿಯ ಜೊತೆಗೆ ಸಂಪರ್ಕದ ಹಕ್ಕೂ ಮುಖ್ಯ ಎಂದಿತು. ಕಸ್ಟಡಿ ಇಲ್ಲದವರಿಗೆ ದಿನಕ್ಕೆ 5ರಿಂದ 10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು ಎಂದು ಬರೆಯಿತು. ವಿಡಿಯೋ ಕಾಲ್ ಅನ್ನೂ ಹೆಸರಿಸಿತು. ಇದು ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಆದರೆ ರಜೆಗೆ ಬಂದ ಮಗು ಅಪ್ಪನನ್ನು ಅಪರಿಚಿತನಂತೆ ನೋಡದಿರಲು ಈ ಹತ್ತು ನಿಮಿಷವೇ ಕಾರಣ. ಸಮಯ ನಿಗದಿಯಾಗಿರಬೇಕು, ಯಾರ ಫೋನಿನಲ್ಲಿ ಎಂಬುದು ಬರೆದಿರಬೇಕು, ಕಾಲ್ ನಡೆಯುವಾಗ ಪಕ್ಕದಲ್ಲಿ ನಿಂತು ಮಗುವಿಗೆ ಮಾತು ಹೇಳಿಕೊಡಬಾರದು.

ಪ್ರಯಾಣದ ಖರ್ಚು ಯಾರದು? ಕಾನೂನಿನಲ್ಲಿ ಇದಕ್ಕೆ ಸಿದ್ಧ ಸೂತ್ರವಿಲ್ಲ, ಕೋರ್ಟು ಪ್ರಕರಣ ನೋಡಿ ಹೇಳುತ್ತದೆ. ನನ್ನ ದೃಷ್ಟಿಯಲ್ಲಿ, ತಾವಾಗಿ, ಜಾಸ್ತಿ ಸಂಬಳಕ್ಕೆ ಊರು ಬಿಟ್ಟವರು ಅರ್ಧವಾದರೂ ಹೊರಬೇಕು. ಮಗುವಿನ ಜೀವನಾಂಶವನ್ನು ಇದರ ಜೊತೆ ಬೆರೆಸಬಾರದು. ದುಡ್ಡು ಕೊಡಲಿಲ್ಲ ಎಂದು ಮಗುವನ್ನು ತೋರಿಸದಿರುವುದು, ತೋರಿಸಲಿಲ್ಲ ಎಂದು ದುಡ್ಡು ನಿಲ್ಲಿಸುವುದು, ಎರಡೂ ಮಗುವಿನ ಪಾಲನ್ನೇ ಕಿತ್ತುಕೊಂಡಂತೆ. ಮದುವೆಯಾಚೆ ಹುಟ್ಟಿದ ಮಗುವಿಗೂ ಜೀವನಾಂಶದ ಹಕ್ಕಿದೆ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ನೇರವಾಗಿ ಹೇಳುತ್ತದೆ.

ಅಪ್ಪನೇ ಊರು ಬಿಟ್ಟರೆ ವಿಷಯ ಸ್ವಲ್ಪ ಸರಳ. ಮಗು ಇಲ್ಲೇ ಇರುವುದರಿಂದ ಬೆಂಗಳೂರಿನ ಕೋರ್ಟೇ ಮುಂದುವರಿಯುತ್ತದೆ. ಹಳೆಯ ಆದೇಶ ಇದ್ದರೆ ಅದನ್ನು ಬದಲಿಸಿ ಎಂದು ಕೇಳಬಹುದು. ಮಗುವಿನ ಆದೇಶಗಳು ಯಾವತ್ತೂ ಕೊನೆಯವಲ್ಲ, ಪರಿಸ್ಥಿತಿ ಬದಲಾದರೆ ತಿದ್ದಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ.

ಹೊರಡುವ ಮುಂಚೆ

ಮನೆಯಲ್ಲಿ ಹೊಡೆತ-ಬಡಿತ ಇದ್ದರೆ ಮೇಲಿನ ಒಪ್ಪಂದದ ಮಾತೆಲ್ಲ ಪಕ್ಕಕ್ಕಿಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯಂಥ ಸಂಬಂಧದಲ್ಲಿದ್ದ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಅದರ 21ನೇ ಸೆಕ್ಷನ್‌ನಡಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಕಸ್ಟಡಿ ಕೊಡಬಹುದು, ಮಗುವಿಗೆ ಅಪಾಯ ಎನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು. ಜೀವ ಉಳಿಸಿಕೊಳ್ಳಲು ಊರು ಬಿಡುವ ತಾಯಿಗೆ ಮೊದಲೇ ವಿಳಾಸ ಕೊಟ್ಟು ಹೋಗು ಎನ್ನುವಂತಿಲ್ಲ. ಮುಂದೆ ಕಾನೂನು ತಿದ್ದಿದರೂ ಈ ವಿನಾಯಿತಿ ಇರಲೇಬೇಕು.

ಉಳಿದವರಿಗೆ ದಾರಿ ಇದೆ. ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದ ಒಪ್ಪಂದ ಒಳ್ಳೆಯ ಸಾಕ್ಷಿ, ಆದರೆ ಅದು ಕೋರ್ಟನ್ನು ಕಟ್ಟಿಹಾಕುವುದಿಲ್ಲ, ಮುರಿದರೆ ನೇರವಾಗಿ ಜಾರಿ ಮಾಡಿಸಲೂ ಆಗುವುದಿಲ್ಲ. ಅದಕ್ಕಿಂತ ಗಟ್ಟಿ ದಾರಿ, ಫ್ಯಾಮಿಲಿ ಕೋರ್ಟಿನಲ್ಲಿ ಅರ್ಜಿ ಹಾಕಿ ರಾಜಿ ಮಾಡಿಕೊಳ್ಳುವುದು. 2007ರಿಂದ ನಡೆಯುತ್ತಿರುವ ಬೆಂಗಳೂರು ಮೀಡಿಯೇಷನ್ ಕೇಂದ್ರವೂ ಅದೇ ನ್ಯಾಯ ದೇಗುಲದಲ್ಲಿದೆ. ಅಲ್ಲಿ ಕೂತು ಮಾತಾಡಿ, ಒಪ್ಪಿದ್ದನ್ನು ಕೋರ್ಟಿನ ಆದೇಶವಾಗಿ ಮಾಡಿಸಿಕೊಂಡರೆ ಪುಣೆಯಲ್ಲೂ ಅದನ್ನು ಜಾರಿ ಮಾಡಿಸಬಹುದು. ವಕೀಲರ ಫೀಸು ಹೊರೆ ಎನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ.

ಇನ್ನೊಬ್ಬರು ಒಪ್ಪದೆ ಹೊರಡಲು ನಿಂತಿದ್ದರೆ, ಮಗು ಇನ್ನೂ ಇಲ್ಲಿರುವಾಗಲೇ ಮುಖ್ಯ ಅರ್ಜಿಯ ಜೊತೆ ಮಧ್ಯಂತರ ಅರ್ಜಿ, ಅಂದರೆ ಐಎ, ಹಾಕಬೇಕು. 1890ರ ಕಾಯ್ದೆಯ 12ನೇ ಸೆಕ್ಷನ್‌ನಡಿ ಕೋರ್ಟು ತಾತ್ಕಾಲಿಕ ಆದೇಶ ಕೊಡಬಹುದು. 'ಹೋಗಲೇಬೇಡ' ಎಂದು ಕೇಳುವುದಕ್ಕಿಂತ 'ಭೇಟಿಯ ವೇಳಾಪಟ್ಟಿ ಆಗುವ ತನಕ ಕರೆದೊಯ್ಯಬೇಡ' ಎಂದು ಕೇಳುವುದು ನ್ಯಾಯ, ಅದು ಸಿಗುವ ಸಾಧ್ಯತೆಯೂ ಜಾಸ್ತಿ. ಅಮ್ಮನ ಕೆಲಸವೂ ಮಗಳ ಅನ್ನವೇ ಅಲ್ವಾ? ಮಗು ತಿಳಿವಳಿಕೆ ಬಂದ ವಯಸ್ಸಿನದಾದರೆ ಅದರ ಮಾತನ್ನೂ ಜಡ್ಜ್ ಕೇಳಬಹುದು, ಅದೇ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಅದಕ್ಕೆ ಅವಕಾಶ ಇದೆ.

ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ, 2015ರ ಮೇ ತಿಂಗಳಲ್ಲಿ, ಜಂಟಿ ಕಸ್ಟಡಿಯ ಬಗ್ಗೆ ಬರೆಯಿತು. ಅಪ್ಪ-ಅಮ್ಮ ಊರು ಬದಲಿಸಿದಾಗ ಏನಾಗಬೇಕು ಎಂಬುದನ್ನೂ ಅದರ ಮಾರ್ಗಸೂಚಿಯಲ್ಲಿ ಸೇರಿಸಿತು. ಅದಾಗಿ ಹತ್ತು ವರ್ಷ ಕಳೆದರೂ 1890ರ ಕಾಯ್ದೆಗೆ ಆ ತಿದ್ದುಪಡಿ ಬಂದಿಲ್ಲ. ಮುಂದಾದರೂ ಆ ಕೆಲಸ ಕೈಗೆತ್ತಿಕೊಂಡರೆ ಎರಡು ಸಾಲು ಸೇರಿಸಲಿ. ಮಗುವನ್ನು ಬೇರೆ ಜಿಲ್ಲೆಗೆ ಕರೆದೊಯ್ಯುವ ಮುಂಚೆ, ಸಂಪರ್ಕದಲ್ಲಿರುವ ಇನ್ನೊಬ್ಬರಿಗೆ ಲಿಖಿತವಾಗಿ ತಿಳಿಸಬೇಕು. ಮತ್ತು ಮಗು ಹೋದ ಆರು ತಿಂಗಳ ತನಕ ಹಳೆಯ ಊರಿನ ಕೋರ್ಟಿಗೇ ಅಧಿಕಾರ ಇರಬೇಕು. ಅಪ್ಪ-ಅಮ್ಮನಿಗೆ ಮದುವೆ ಆಗಿದೆಯೋ ಇಲ್ಲವೋ ಎಂದು ಅಲ್ಲಿ ಕೇಳಬಾರದು.

ಜೂನ್‌ನಲ್ಲಿ ಹೊರಡುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ನಮ್ಮ ಸಿವಿಲ್ ಕೋರ್ಟುಗಳಿಗೂ ರಜೆ ಇರುತ್ತದೆ. ಶಾಲೆಯ ಟಿ.ಸಿ. ಕೇಳುವ ಹೊತ್ತಿಗೆ ಅರ್ಜಿ ಬರೆಯಲು ಕೂತರೆ ಕೇಸು ಕರೆಯುವುದು ಮಗು ಹೋದ ಮೇಲೆಯೇ. ಮಾರ್ಚ್‌ನಲ್ಲೇ ಅರ್ಜಿ ಒಳಗೆ ಹೋಗಿರಲಿ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಫೀಸಿನ ರಸೀದಿ, ಹೊಸ ಕೆಲಸದ ಪತ್ರ, ಹೊಸ ಊರಿನ ಶಾಲೆಯ ರಜಾ ಪಟ್ಟಿ, ಇವಿಷ್ಟು ಅರ್ಜಿಯ ಜೊತೆ ಇದ್ದರೆ ಮೀಡಿಯೇಟರ್ ಮುಂದೆ ಮೊದಲ ದಿನವೇ ತಾರೀಖುಗಳ ಬಗ್ಗೆ ಮಾತು ಶುರುವಾಗುತ್ತದೆ.